ಮಕ್ಕಳ ಅಂಡಾಶಯದ ಗಡ್ಡೆ: ಗಡ್ಡೆಯನ್ನಷ್ಟೇ ತೆಗೆಸುವುದೋ, ಅಂಡಾಶಯವನ್ನೇ ತೆಗೆಸುವುದೋ?

ನನ್ನ ಅಣ್ಣನ ಮಗಳಿಗೆ ಆಗ 11 ವರ್ಷ. ಹದಿನೈದು ದಿನಗಳಿಂದ ಆಗಾಗ ಹೊಟ್ಟೆನೋವು ಎನ್ನುತ್ತಿದ್ದಳು. ಜಂತುಹುಳುವಿನ ಮಾತ್ರೆ ಕೊಟ್ಟಾಯಿತು, ಓಮದ ನೀರು ಕುಡಿಸಿದ್ದಾಯಿತು, ಶಾಲೆ ತಪ್ಪಿಸಲು ಹೂಡಿದ ನೆವವೆಂದು ಗದರಿದ್ದೂ ಆಯಿತು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಬಲಗಡೆಯ ಅಂಡಾಶಯದಲ್ಲಿ 9 ಸೆಂಟಿಮೀಟರ್ ಅಗಲದ ಗಡ್ಡೆಯೊಂದು ಕಂಡಿತು. ಮೊದಲು ಹೋದ ಆಸ್ಪತ್ರೆಯಲ್ಲಿ ವರದಿಯ ಹಾಳೆಯನ್ನು ಒಮ್ಮೆ ನೋಡಿ, "ನಾಳೆ ಅಡ್ಮಿಟ್ ಮಾಡಿ, ಆ ಕಡೆಯ ಓವರಿ ತೆಗೆದುಬಿಡೋಣ, ಇನ್ನೊಂದು ಇದ್ದೇ ಇದೆಯಲ್ಲ" ಎಂದರು. ಅಷ್ಟು ಹೊತ್ತಿಗೆ ಒಂದೂ ರಕ್ತಪರೀಕ್ಷೆ ಆಗಿರಲಿಲ್ಲ. ಸಹಿ ಹಾಕಬೇಕಾದ ಒಪ್ಪಿಗೆ ಪತ್ರವನ್ನು ಹಿಡಿದು ಅತ್ತಿಗೆ ಕಾರಿಡಾರಿನಲ್ಲಿ ನಿಂತಿದ್ದರು. "ಒಂದು ತೆಗೆದರೆ ಮುಂದೆ ಇವಳಿಗೆ ಏನೂ ತೊಂದರೆ ಆಗಲ್ವಾ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸಹಿ ಹಾಕದೆ ಎರಡನೇ ಅಭಿಪ್ರಾಯ ಕೇಳಲು ಹೊರಟೆವು. ಅಲ್ಲಿಂದಾಚೆಗೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಅಂಥದೇ ಕಾಗದ ಹಿಡಿದು ನಿಂತಿರುವ ತಂದೆತಾಯಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೆಣ್ಣುಮಕ್ಕಳ ಅಂಡಾಶಯದಲ್ಲಿ ಕಾಣುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಶಸ್ತ್ರಚಿಕಿತ್ಸೆಯವರೆಗೆ ಹೋಗುವ ಗಡ್ಡೆಗಳಲ್ಲಿ ಸಹ ಸುಮಾರು ನೂರಕ್ಕೆ 10ರಿಂದ 20 ಮಾತ್ರ ಕ್ಯಾನ್ಸರ್ ಆಗಿರುತ್ತವೆ. ಆದ್ದರಿಂದ ಗಡ್ಡೆಯನ್ನು ತೆಗೆಸಬೇಕೇ ಬೇಡವೇ ಎಂಬುದಕ್ಕಿಂತ, ಗಡ್ಡೆಯ ಜೊತೆಗೆ ಇನ್ನೇನನ್ನು ಕಳೆದುಕೊಳ್ಳಲು ನಾವು ಒಪ್ಪುತ್ತಿದ್ದೇವೆ ಎಂಬುದೇ ತಂದೆತಾಯಿಗಳ ಮುಂದಿರುವ ನಿಜವಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಮಗುವಿಗೆ ಅರಿವಳಿಕೆ ಕೊಡುವ ಮೊದಲೇ, ಪರೀಕ್ಷೆಗಳ ಆಧಾರದ ಮೇಲೆ ಬಹುಮಟ್ಟಿಗೆ ನಿರ್ಧಾರವಾಗಿರಬೇಕು.

ಕಾಯುವುದು ಮತ್ತು ಶಸ್ತ್ರಚಿಕಿತ್ಸೆ

ಸ್ಕ್ಯಾನಿಂಗ್ ವರದಿಯಲ್ಲಿ 'ಸಿಸ್ಟ್' ಎಂಬ ಪದ ಕಂಡ ಕೂಡಲೇ ಅದು ಶಸ್ತ್ರಚಿಕಿತ್ಸೆಯ ಗಡ್ಡೆ ಎಂದು ತಿಳಿಯಬೇಕಾಗಿಲ್ಲ. ಅಂಡಾಶಯದಲ್ಲಿ ಮೊಟ್ಟೆ ಬೆಳೆಯುವ ನೀರಿನ ಚೀಲ, ಅಂದರೆ ಫಾಲಿಕಲ್, ಸಹಜವಾಗಿಯೇ 3 ಸೆಂಟಿಮೀಟರ್‌ವರೆಗೆ ಬೆಳೆಯಬಲ್ಲದು. ಅದು ಒಡೆಯದೆ ಉಳಿದು ಇನ್ನಷ್ಟು ಹಿಗ್ಗಿದರೆ ಅದೇ ಸಿಸ್ಟ್ ಆಗಿ ಕಾಣುತ್ತದೆ. ಮೈನೆರೆದ ಹುಡುಗಿಯರಲ್ಲಿ ಇಂಥ ನೀರುಗುಳ್ಳೆಗಳು, ಅವುಗಳ ಗೋಡೆ ತೆಳುವಾಗಿದ್ದು ಒಳಗೆ ಗಟ್ಟಿ ಭಾಗವೇನೂ ಇಲ್ಲದಿದ್ದರೆ, ಸಾಮಾನ್ಯವಾಗಿ ಎರಡು ಮೂರು ಮುಟ್ಟಿನ ಅವಧಿಯಲ್ಲಿ ತಾವಾಗಿಯೇ ಕರಗುತ್ತವೆ. ನವಜಾತ ಶಿಶುಗಳಲ್ಲಿ ತಾಯಿಯ ಹಾರ್ಮೋನುಗಳ ಪ್ರಭಾವದಿಂದ ಬಂದ ಸಿಸ್ಟ್‌ಗಳೂ ಹಾಗೆಯೇ. ಹುಟ್ಟಿದ ನಂತರ ಆ ಹಾರ್ಮೋನು ಇಳಿಯುತ್ತಾ ಹೋದಂತೆ ಅವುಗಳಲ್ಲಿ ಬಹುಪಾಲು ಮೊದಲ ಕೆಲವು ತಿಂಗಳುಗಳಲ್ಲೇ ಕುಗ್ಗುತ್ತವೆ. ಇವೆರಡೂ ಸಂದರ್ಭಗಳಲ್ಲಿ ಆರರಿಂದ ಹನ್ನೆರಡು ವಾರಗಳ ನಂತರ ಮತ್ತೆ ಸ್ಕ್ಯಾನ್ ಮಾಡಿಸಿ ನೋಡುವುದೇ ಸರಿಯಾದ ಚಿಕಿತ್ಸೆ. ಸೂಜಿ ಚುಚ್ಚಿ ನೀರು ತೆಗೆಸುವುದು ಸುಲಭದ ದಾರಿಯಂತೆ ಕಂಡರೂ, ಗೋಡೆ ಒಳಗೇ ಉಳಿಯುವುದರಿಂದ ಸಿಸ್ಟ್ ಮತ್ತೆ ತುಂಬಿಕೊಳ್ಳುವುದು ಹೆಚ್ಚು.

ಇನ್ನೊಂದು ಸಂದರ್ಭವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದನ್ನು ಮರೆತರೆ ಮಗುವಿನ ಹೊಟ್ಟೆಗೆ ವಿನಾಕಾರಣ ಕತ್ತರಿ ಬೀಳುತ್ತದೆ. ಬಹುಕಾಲ ಗುರುತಿಸದೆ ಉಳಿದ ಥೈರಾಯ್ಡ್ ಕೊರತೆಯಿಂದಲೂ ಅಂಡಾಶಯಗಳು ದೊಡ್ಡ ದೊಡ್ಡ ಸಿಸ್ಟ್‌ಗಳಿಂದ ಊದಿಕೊಳ್ಳಬಹುದು. ಇದಕ್ಕೆ ವ್ಯಾನ್ ವಿಕ್–ಗ್ರುಂಬಾಕ್ ಸಿಂಡ್ರೋಮ್ ಎಂದು ಹೆಸರು. ಇಂಥ ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರುವುದಿಲ್ಲ, ಮಂಕಾಗಿರುತ್ತದೆ, ಮಲಬದ್ಧತೆ ಇರುತ್ತದೆ. ಆದರೂ ವಯಸ್ಸಿಗೆ ಮುಂಚೆಯೇ ಎದೆ ಬೆಳೆಯುವುದು, ರಕ್ತಸ್ರಾವವಾಗುವುದು ಕಾಣಿಸುತ್ತದೆ. ಥೈರಾಕ್ಸಿನ್ ಮಾತ್ರೆ ಶುರುಮಾಡಿದ ಮೇಲೆ ಆ ಸಿಸ್ಟ್‌ಗಳು ತಾವಾಗಿಯೇ ಇಳಿಯುತ್ತವೆ. ಒಂದು ಟಿಎಸ್‌ಎಚ್ ರಕ್ತಪರೀಕ್ಷೆಯಿಂದ ಗೊತ್ತಾಗುವ ವಿಷಯವಿದು.

ಕಾಯಬಾರದ ಗಡ್ಡೆಗಳೂ ಇವೆ. ಒಳಗೆ ಗಟ್ಟಿ ಭಾಗವಿರುವುದು, ಕೆಲವು ವಾರಗಳ ನಂತರವೂ ಕರಗದೆ ಇರುವುದು ಅಥವಾ ಬೆಳೆಯುತ್ತಿರುವುದು, ಪದೇ ಪದೇ ನೋವು ಕೊಡುವುದು ಇವೆಲ್ಲ ಶಸ್ತ್ರಚಿಕಿತ್ಸೆಯ ಕಡೆಗೆ ಬೆರಳು ತೋರಿಸುತ್ತವೆ. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಅತಿ ಹೆಚ್ಚು ಕಾಣುವ ನಿಜವಾದ ಅಂಡಾಶಯದ ಗಡ್ಡೆ ಡರ್ಮಾಯ್ಡ್. ವೈದ್ಯರು ಇದನ್ನು ಮೆಚ್ಯೂರ್ ಟೆರಟೋಮಾ ಎಂದು ಬರೆಯುತ್ತಾರೆ. ಚರ್ಮ, ಕೂದಲು, ಜಿಡ್ಡು, ಕೆಲವೊಮ್ಮೆ ಹಲ್ಲು ಸಹ ಇದರೊಳಗೆ ಬೆಳೆದಿರುತ್ತವೆ. ಇದು ನಿಧಾನವಾಗಿ ಬೆಳೆಯುತ್ತದೆ, ಆದರೆ ತಾನಾಗಿ ಕರಗುವುದಿಲ್ಲ. ಇದರ ನಂತರ ಬರುವುದು ಸಿಸ್ಟಡಿನೋಮಾ ಎಂಬ ನೀರು ಅಥವಾ ಲೋಳೆ ತುಂಬಿದ ಗಡ್ಡೆ. ಅದು ಹೊಟ್ಟೆ ಪೂರ್ತಿ ತುಂಬುವಷ್ಟು ದೊಡ್ಡದಾಗಬಲ್ಲದು.

ಸಹಿ ಹಾಕುವ ಮೊದಲು ಕೈಯಲ್ಲಿರಬೇಕಾದ ವರದಿಗಳು

ಸ್ಕ್ಯಾನಿಂಗ್ ಮೊದಲ ಪರೀಕ್ಷೆ. ಮಕ್ಕಳಿಗೆ ಹೊಟ್ಟೆಯ ಮೇಲಿನಿಂದಲೇ, ಮೂತ್ರಕೋಶ ತುಂಬಿರುವಾಗ ಮಾಡುತ್ತಾರೆ. ಆದ್ದರಿಂದ ಮಗುವಿಗೆ ಮೊದಲೇ ನೀರು ಕುಡಿಸಿ ಕರೆದೊಯ್ಯಬೇಕು. ಅಳುತ್ತಾ ಮೂತ್ರ ಮಾಡಿಬಿಟ್ಟ ಮಗುವಿನ ಸ್ಕ್ಯಾನ್ ಅಸ್ಪಷ್ಟವಾಗಿ ಬಂದರೆ ಅದನ್ನೇ ನಂಬಿಕೊಳ್ಳದೆ ಮತ್ತೊಮ್ಮೆ ಮಾಡಿಸುವುದು ಒಳ್ಳೆಯದು. ಸ್ಕ್ಯಾನ್‌ನಿಂದ ಗಡ್ಡೆಯ ಸ್ವರೂಪ ಖಚಿತವಾಗದಿದ್ದಾಗ ಎಂಆರ್‌ಐ ಸಹಾಯಕ್ಕೆ ಬರುತ್ತದೆ; ಅದರಲ್ಲಿ ವಿಕಿರಣವಿಲ್ಲದಿರುವುದರಿಂದ ಮಕ್ಕಳಿಗೆ ಸಿಟಿ ಸ್ಕ್ಯಾನ್‌ಗಿಂತ ಅದೇ ಮೇಲು.

ಎರಡನೆಯದು ಗಡ್ಡೆಯ ಗುರುತುಗಳನ್ನು ಹುಡುಕುವ ರಕ್ತಪರೀಕ್ಷೆ. ಎಎಫ್‌ಪಿ, ಬೀಟಾ ಎಚ್‌ಸಿಜಿ ಮತ್ತು ಎಲ್‌ಡಿಎಚ್ ಈ ಮೂರನ್ನಾದರೂ ಮಾಡಿಸಿರಬೇಕು. ಮಗುವಿನಲ್ಲಿ ಹಾರ್ಮೋನಿನ ಲಕ್ಷಣಗಳು ಕಂಡರೆ ಇನ್ಹಿಬಿನ್ ಕೂಡ ಬೇಕು. ಇಲ್ಲಿ ಎಚ್ಚರಿಕೆಯ ಮಾತು ಮೂರಿವೆ. ಶಿಶುಗಳಲ್ಲಿ ಮೊದಲ ವರ್ಷ ಎಎಫ್‌ಪಿ ಸಹಜವಾಗಿಯೇ ಹೆಚ್ಚಿರುತ್ತದೆ, ಅದನ್ನು ದೊಡ್ಡವರ ಅಳತೆಗೆ ಹೋಲಿಸಿ ಗಾಬರಿಯಾಗಬಾರದು. ಮೈನೆರೆದ ಹುಡುಗಿಯಲ್ಲಿ ಬೀಟಾ ಎಚ್‌ಸಿಜಿ ಏರಿದ್ದರೆ ಗರ್ಭಧಾರಣೆಯ ಸಾಧ್ಯತೆಯನ್ನೂ ವೈದ್ಯರು ನೋಡಲೇಬೇಕಾಗುತ್ತದೆ, ಅದನ್ನು ಅವಮಾನವೆಂದು ತಿಳಿಯಬಾರದು. ಸಿಎ 125 ಎಂಬ ಪರೀಕ್ಷೆ ಏರಿರುವುದನ್ನು ಕಂಡು ಕ್ಯಾನ್ಸರ್ ಎಂದು ತೀರ್ಮಾನಿಸಲೂಬಾರದು. ಮುಟ್ಟಿನಲ್ಲಿ, ಉರಿಯೂತದಲ್ಲಿ, ನಮ್ಮ ದೇಶದಲ್ಲಿ ಇಂದಿಗೂ ಕಾಣುವ ಹೊಟ್ಟೆಯ ಕ್ಷಯರೋಗದಲ್ಲಿ ಸಹ ಅದು ಏರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ, ಸಿಎ 125 ಏರಿದ ಕ್ಷಯರೋಗಿಯನ್ನು ಅಂಡಾಶಯದ ಕ್ಯಾನ್ಸರ್ ಎಂದು ತಪ್ಪಾಗಿ ಗುರುತಿಸಿದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ಸಾಕಷ್ಟಿವೆ.

ಅನುಮಾನ ಹುಟ್ಟಿಸುವ ಲಕ್ಷಣಗಳು ಇವು: ಗಡ್ಡೆಯೊಳಗೆ ರಕ್ತ ಹರಿಯುತ್ತಿರುವ ಗಟ್ಟಿ ಭಾಗ ಹೆಚ್ಚಿರುವುದು, ಗಾತ್ರ 8 ಸೆಂಟಿಮೀಟರ್ ಮೀರಿರುವುದು, ಮೇಲೆ ಹೇಳಿದ ಗುರುತುಗಳು ಏರಿರುವುದು, ಹೊಟ್ಟೆಯಲ್ಲಿ ನೀರು ಸೇರಿರುವುದು, ಚಿಕ್ಕ ಮಗುವಿನಲ್ಲಿ ಅಕಾಲಿಕವಾಗಿ ಮೈನೆರೆಯುವ ಲಕ್ಷಣಗಳು ಕಾಣಿಸುವುದು. ಇವುಗಳಲ್ಲಿ ಗಾತ್ರವೊಂದನ್ನೇ ಹಿಡಿದು ತೀರ್ಪು ಕೊಡುವುದು ತಪ್ಪು. ನಮ್ಮ ಹುಡುಗಿಯ ಗಡ್ಡೆ 9 ಸೆಂಟಿಮೀಟರ್ ಇದ್ದರೂ ಮೂರೂ ರಕ್ತಪರೀಕ್ಷೆಗಳು ಸರಿಯಾಗಿ ಬಂದವು, ಎಂಆರ್‌ಐಯಲ್ಲಿ ಒಳಗಿರುವುದು ಕೊಬ್ಬು ಎಂದು ಸ್ಪಷ್ಟವಾಗಿ ಕಂಡಿತು. ಎರಡನೇ ಆಸ್ಪತ್ರೆಯ ವೈದ್ಯರು ಆ ಚಿತ್ರವನ್ನು ಬೆಳಕಿಗೆ ಹಿಡಿದು, "ನೋಡಮ್ಮ, ಇದು ಡರ್ಮಾಯ್ಡ್ ಅಂತ ನೂರಕ್ಕೆ ತೊಂಬತ್ತೊಂಬತ್ತು ಹೇಳಬಹುದು, ಓವರಿ ಉಳಿಸೋದಕ್ಕೆ ಪ್ರಯತ್ನ ಮಾಡೇ ಮಾಡ್ತೀವಿ" ಎಂದರು. ಮೊದಲ ಆಸ್ಪತ್ರೆಗೂ ಎರಡನೆಯದಕ್ಕೂ ನಾನು ಕಂಡ ವ್ಯತ್ಯಾಸ ಯಂತ್ರಗಳಲ್ಲಿ ಇರಲಿಲ್ಲ, ತೀರ್ಮಾನಕ್ಕೆ ಮೊದಲು ಇಟ್ಟ ಹೆಜ್ಜೆಗಳಲ್ಲಿ ಇತ್ತು.

ಗಡ್ಡೆ ಮಾತ್ರ, ಅಥವಾ ಇಡೀ ಅಂಡಾಶಯ

ಕ್ಯಾನ್ಸರ್ ಅಲ್ಲದ ಗಡ್ಡೆಗೆ ಎರಡು ಬಗೆಯ ಶಸ್ತ್ರಚಿಕಿತ್ಸೆಗಳಿವೆ. ಒಂದರಲ್ಲಿ ಅಂಡಾಶಯದ ಮೇಲ್ಪದರವನ್ನು ಸೀಳಿ, ಗಡ್ಡೆಯನ್ನು ಅದರ ಗೋಡೆಯ ಸಮೇತ ಬಿಡಿಸಿ ತೆಗೆದು, ಉಳಿದ ಅಂಡಾಶಯವನ್ನು ಅದರ ಜಾಗದಲ್ಲೇ ಬಿಡುತ್ತಾರೆ; ಇದನ್ನು ಸಿಸ್ಟೆಕ್ಟಮಿ ಅಥವಾ ಅಂಡಾಶಯ ಉಳಿಸುವ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಇನ್ನೊಂದರಲ್ಲಿ ಗಡ್ಡೆಯಿರುವ ಅಂಡಾಶಯವನ್ನೇ, ಕೆಲವೊಮ್ಮೆ ಅಂಡನಾಳದ ಸಮೇತ, ತೆಗೆದುಬಿಡುತ್ತಾರೆ; ಇದು ಊಫೊರೆಕ್ಟಮಿ.

ಮೊದಲನೆಯದನ್ನು ಬೇಡವೆನ್ನಲು ಹಿಂದೆಲ್ಲ ಹೇಳುತ್ತಿದ್ದ ಕಾರಣ ಒಂದು: ಇಷ್ಟು ದೊಡ್ಡ ಗಡ್ಡೆಯಿರುವಾಗ ಉಳಿಸಲು ಅಂಡಾಶಯವೇ ಕಾಣುವುದಿಲ್ಲ ಎಂಬುದು. ಕಣ್ಣಿಗೆ ಕಾಣುವುದು ಹಾಗೆಯೇ. ಗಡ್ಡೆ ಬೆಳೆದಂತೆಲ್ಲ ಅಂಡಾಶಯದ ಅಂಗಾಂಶ ಅದರ ಮೇಲೆ ಹಿಗ್ಗುತ್ತಾ ಹೋಗಿ ಕೊನೆಗೆ ಈರುಳ್ಳಿಯ ಹೊರಸಿಪ್ಪೆಯಷ್ಟು ತೆಳುವಾಗಿ ಅಂಟಿಕೊಂಡಿರುತ್ತದೆ. ಆದರೆ ಆ ತೆಳುಪದರದಲ್ಲೇ ಮೊಟ್ಟೆಗಳು ಇರುತ್ತವೆ. ಗಡ್ಡೆಯನ್ನು ಬಿಡಿಸಿದ ಮೇಲೆ ಅದು ಸುಕ್ಕುಗಟ್ಟಿದ ಬಟ್ಟೆಯಂತೆ ಕುಗ್ಗಿ ಕೂರುತ್ತದೆ, ಕೆಲವು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಮತ್ತೆ ಅಂಡಾಶಯದ ಆಕಾರದಲ್ಲಿ, ಫಾಲಿಕಲ್‌ಗಳ ಸಮೇತ ಕಾಣುತ್ತದೆ. ಹಾಗಾಗಿ 'ಅಂಡಾಶಯ ಉಳಿದೇ ಇಲ್ಲ' ಎಂಬ ಮಾತನ್ನು ಗಡ್ಡೆಯ ಗಾತ್ರ ನೋಡಿಯೇ ಒಪ್ಪಿಕೊಳ್ಳಬಾರದು.

ಈ ಅಂಗಾಂಶ ಏಕೆ ಇಷ್ಟು ಮುಖ್ಯ ಎಂಬುದನ್ನು ಅಂಕಿಗಳಲ್ಲಿ ನೋಡಬಹುದು. ಹುಟ್ಟುವಾಗ ಹೆಣ್ಣುಮಗುವಿನ ಎರಡೂ ಅಂಡಾಶಯಗಳಲ್ಲಿ ಸೇರಿ 10ರಿಂದ 20 ಲಕ್ಷ ಮೊಟ್ಟೆಗಳಿರುತ್ತವೆ; ಮೈನೆರೆಯುವ ಹೊತ್ತಿಗೆ ಅವು 3ರಿಂದ 4 ಲಕ್ಷಕ್ಕೆ ಇಳಿದಿರುತ್ತವೆ. ಹೊಸ ಮೊಟ್ಟೆಗಳು ಹುಟ್ಟುವುದಿಲ್ಲ. ಒಂದೇ ಅಂಡಾಶಯವಿರುವ ಮಹಿಳೆಯರು ಗರ್ಭ ಧರಿಸುತ್ತಾರೆ, ತಿಂಗಳು ತಿಂಗಳು ಮುಟ್ಟಾಗುತ್ತಾರೆ, ಇದು ನಿಜ. ಮಗುವಿನ ಒಂದು ಅಂಡಾಶಯ ಈಗಾಗಲೇ ಹೋಗಿದ್ದರೆ ತಂದೆತಾಯಿಗಳು ಈ ಮಾತನ್ನು ಧೈರ್ಯವಾಗಿ ನಂಬಬಹುದು. ಆದರೆ ಅಂಥವರಲ್ಲಿ ಮುಟ್ಟು ನಿಲ್ಲುವ ವಯಸ್ಸು ಸರಾಸರಿ ಸುಮಾರು ಒಂದು ವರ್ಷ ಮೊದಲೇ ಬರುತ್ತದೆ. ಅದಕ್ಕಿಂತ ದೊಡ್ಡ ಆತಂಕವೆಂದರೆ ಮುಂದಿನದು. ಡರ್ಮಾಯ್ಡ್ ಗಡ್ಡೆಗಳು ನೂರರಲ್ಲಿ ಸುಮಾರು ಹತ್ತು ಮಂದಿಯಲ್ಲಿ ಎರಡೂ ಕಡೆ ಬರುತ್ತವೆ, ಕೆಲವರಲ್ಲಿ ಇನ್ನೊಂದು ಕಡೆ ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಮೊದಲ ಬಾರಿ ಒಂದನ್ನು ಪೂರ್ತಿ ತೆಗೆಸಿದ ಹುಡುಗಿಗೆ ಎರಡನೇ ಬಾರಿ ಇನ್ನೊಂದು ಕಡೆಯೂ ಗಡ್ಡೆ ಬಂದು ತಿರುಚಿಕೊಂಡರೆ, ಆಗ ಪಣಕ್ಕಿರುವುದು ಅವಳಲ್ಲಿ ಉಳಿದಿರುವ ಎಲ್ಲವೂ. ಎರಡೂ ಹೋದರೆ ಮೈನೆರೆಯುವುದಕ್ಕೂ, ಮೂಳೆ ಗಟ್ಟಿಯಾಗಿರುವುದಕ್ಕೂ ಹಾರ್ಮೋನ್ ಮಾತ್ರೆಗಳನ್ನು ದಶಕಗಳ ಕಾಲ ನಂಬಬೇಕು. "ಇನ್ನೊಂದು ಇದ್ದೇ ಇದೆಯಲ್ಲ" ಎಂಬ ಮಾತಿನಲ್ಲಿ ಈ ಲೆಕ್ಕ ಸೇರಿರುವುದಿಲ್ಲ.

ಅಂಡಾಶಯ ಉಳಿಸುವುದರಲ್ಲಿಯೂ ಕೊಡಬೇಕಾದ ಬೆಲೆ ಇದೆ, ಅದನ್ನು ಮುಚ್ಚಿಡಬಾರದು. ಗಡ್ಡೆಯನ್ನು ಬಿಡಿಸುವಾಗ ಅದು ಒಡೆಯುವ ಸಾಧ್ಯತೆ ಹೆಚ್ಚು. ಗೋಡೆಯ ಚೂರು ಉಳಿದರೆ ಅದೇ ಅಂಡಾಶಯದಲ್ಲಿ ಗಡ್ಡೆ ಮತ್ತೆ ಬರಬಹುದು. ಹಾಗೆ ಬರುವವರ ಸಂಖ್ಯೆ ಚಿಕ್ಕದು, ಆದರೂ ವರ್ಷಗಳ ಕಾಲ ಸ್ಕ್ಯಾನ್ ಮಾಡಿಸುತ್ತಿರಬೇಕು. ಬಯಾಪ್ಸಿ ವರದಿಯಲ್ಲಿ ಅನಿರೀಕ್ಷಿತವಾಗಿ ಕ್ಯಾನ್ಸರ್ ಅಥವಾ ಇಮ್ಮೆಚ್ಯೂರ್ ಟೆರಟೋಮಾ, ಅಂದರೆ ಪೂರ್ತಿ ಬಲಿಯದ ಅಂಗಾಂಶವಿರುವ ಟೆರಟೋಮಾ, ಬಂದರೆ ಎರಡನೇ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಪರೀಕ್ಷೆಗಳಲ್ಲಿ ಅನುಮಾನದ ಲಕ್ಷಣಗಳು ಕಂಡಿದ್ದರೆ ಮಾತ್ರ ಈ ತೂಕ ಬದಲಾಗುತ್ತದೆ. ಆಗ ಅಂಡಾಶಯವನ್ನು ಗಡ್ಡೆಯ ಸಮೇತ, ಒಡೆಯದಂತೆ ತೆಗೆಯುವುದೇ ಸರಿ. ಕ್ಯಾನ್ಸರ್ ಗಡ್ಡೆ ಹೊಟ್ಟೆಯೊಳಗೆ ಒಡೆದರೆ ರೋಗದ ಹಂತವೇ ಮೇಲಕ್ಕೆ ಹೋಗುತ್ತದೆ, ಶಸ್ತ್ರಚಿಕಿತ್ಸೆಯಲ್ಲೇ ಮುಗಿಯಬಹುದಾಗಿದ್ದ ಚಿಕಿತ್ಸೆಗೆ ಕೀಮೋಥೆರಪಿ ಸೇರಿಕೊಳ್ಳುತ್ತದೆ.

ಈ ಎರಡರ ನಡುವೆ ಆಯ್ಕೆ ಮಾಡಲು ಒಂದು ಕ್ರಮವಿಟ್ಟುಕೊಂಡರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಅಮೆರಿಕದ 11 ಮಕ್ಕಳ ಆಸ್ಪತ್ರೆಗಳು ಒಟ್ಟಾಗಿ ನೋಡಿದವು. ಅದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸ್ಕ್ಯಾನ್‌ನ ಲಕ್ಷಣಗಳನ್ನೂ ರಕ್ತದ ಗುರುತುಗಳನ್ನೂ ಸೇರಿಸಿ, ಅನುಮಾನವಿಲ್ಲದವರಿಗೆ ಅಂಡಾಶಯ ಉಳಿಸುವ ಶಸ್ತ್ರಚಿಕಿತ್ಸೆ ಎಂಬ ಒಂದೇ ನಿಯಮವನ್ನು ಎಲ್ಲರೂ ಪಾಲಿಸಿದರು. ಕ್ಯಾನ್ಸರ್ ಅಲ್ಲದ ಗಡ್ಡೆಗಾಗಿ ಅನಗತ್ಯವಾಗಿ ಅಂಡಾಶಯ ಕಳೆದುಕೊಂಡವರ ಪ್ರಮಾಣ ನೂರಕ್ಕೆ ಸುಮಾರು 16ರಿಂದ 8ಕ್ಕೆ ಇಳಿಯಿತು. ಹೊಸ ಔಷಧಿಯೂ ಬೇಕಾಗಲಿಲ್ಲ, ಹೊಸ ಯಂತ್ರವೂ ಬೇಕಾಗಲಿಲ್ಲ.

ಶಸ್ತ್ರಚಿಕಿತ್ಸೆಯ ನಡುವೆಯೇ ಒಂದು ಚೂರನ್ನು ಪರೀಕ್ಷೆಗೆ ಕಳಿಸುವ ಫ್ರೋಜನ್ ಸೆಕ್ಷನ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದರಿಂದ ಪ್ರಯೋಜನವಿದೆ, ಆದರೆ ದೊಡ್ಡ ಟೆರಟೋಮಾದಲ್ಲಿ ಒಂದೆರಡು ಚೂರು ನೋಡಿ ಪೂರ್ತಿ ಗಡ್ಡೆಯ ಬಗ್ಗೆ ಹೇಳಲಾಗುವುದಿಲ್ಲ. ಕೊನೆಯ ಮಾತು ಕೆಲವು ದಿನಗಳ ನಂತರ ಬರುವ ಬಯಾಪ್ಸಿಯದೇ.

ನನ್ನ ಸಲಹೆ ಇಷ್ಟು. ಪರೀಕ್ಷೆಗಳಲ್ಲಿ ಅನುಮಾನವಿಲ್ಲದಿದ್ದರೆ ಒಪ್ಪಿಗೆ ಪತ್ರದಲ್ಲಿ 'ಗಡ್ಡೆಯನ್ನು ಮಾತ್ರ ತೆಗೆಯುವುದು, ಅಂಡಾಶಯವನ್ನೂ ಅಂಡನಾಳವನ್ನೂ ಉಳಿಸಲು ಪ್ರಯತ್ನಿಸುವುದು' ಎಂದು ಬರೆಸಿ. ಯಾವ ಸಂದರ್ಭದಲ್ಲಿ ಮಾತ್ರ ಅಂಡಾಶಯ ತೆಗೆಯುತ್ತೀರಿ ಎಂದು ಕೇಳಿ, ಅದನ್ನೂ ಬರೆಸಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ.

ಕೀಹೋಲ್, ತೆರೆದ ಹೊಟ್ಟೆ, ಮತ್ತು ಇವೆರಡರ ನಡುವಿನ ದಾರಿ

ಇದು ಎರಡನೇ ಹೋಲಿಕೆ, ಮೊದಲನೆಯದರೊಂದಿಗೆ ಇದನ್ನು ಬೆರೆಸಿಕೊಳ್ಳಬಾರದು. ಲ್ಯಾಪರೋಸ್ಕೋಪಿ, ಅಂದರೆ ಕೀಹೋಲ್ ಶಸ್ತ್ರಚಿಕಿತ್ಸೆ, ಅಂದ ಮಾತ್ರಕ್ಕೆ ಅಂಡಾಶಯ ಉಳಿಯುತ್ತದೆ ಎಂದೇನೂ ಅಲ್ಲ. ಕೀಹೋಲ್‌ನಲ್ಲೂ ಇಡೀ ಅಂಡಾಶಯವನ್ನು ತೆಗೆಯಬಹುದು, ಹೊಟ್ಟೆ ತೆರೆದೂ ಅಂಡಾಶಯವನ್ನು ಉಳಿಸಬಹುದು. ಗಾಯ ಎಷ್ಟು ಚಿಕ್ಕದೆಂದು ಕೇಳುವ ಮೊದಲು ಒಳಗೆ ಏನು ಉಳಿಯುತ್ತದೆ ಎಂದು ಕೇಳಬೇಕು.

ಲ್ಯಾಪರೋಸ್ಕೋಪಿಯಲ್ಲಿ ಹೊಕ್ಕುಳಿನ ಬಳಿ ಒಂದು, ಕೆಳಹೊಟ್ಟೆಯಲ್ಲಿ ಎರಡು ಸಣ್ಣ ತೂತುಗಳಿಂದ ಕೆಲಸ ನಡೆಯುತ್ತದೆ. ನೋವು ಕಡಿಮೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಬರಬಹುದು, ಹೊಟ್ಟೆಯೊಳಗೆ ಅಂಟಿಕೊಳ್ಳುವಿಕೆ ಕಡಿಮೆ; ಇನ್ನೊಂದು ಕಡೆಯ ಅಂಡಾಶಯವನ್ನೂ ಕ್ಯಾಮೆರಾದಲ್ಲಿ ಚೆನ್ನಾಗಿ ನೋಡಬಹುದು. ಗಡ್ಡೆ ಒಡೆಯುವುದು ಮಾತ್ರ ಇದರಲ್ಲಿ ಹೆಚ್ಚು. ಡರ್ಮಾಯ್ಡ್‌ನ ಜಿಡ್ಡು ಹೊಟ್ಟೆಯೊಳಗೆ ಚೆಲ್ಲಿ ಉಳಿದರೆ ಉರಿಯೂತ ಆಗಬಲ್ಲದು, ಆದರೆ ಚೀಲದೊಳಗಿಟ್ಟು ಹೊರತೆಗೆದು, ಬೆಚ್ಚಗಿನ ಸಲೈನ್‌ನಿಂದ ಧಾರಾಳವಾಗಿ ತೊಳೆದರೆ ಅದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಯಲ್ಲಿ ಕಾಣುತ್ತದೆ. ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಗಾಯ ದೊಡ್ಡದು, ಆಸ್ಪತ್ರೆಯಲ್ಲಿ ಇನ್ನೂ ಒಂದೆರಡು ದಿನ ಹೆಚ್ಚು ಇರಬೇಕು. ಆದರೆ ಗಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆಯುವ ಭರವಸೆ ಹೆಚ್ಚು. ಕ್ಯಾನ್ಸರ್‌ನ ಅನುಮಾನವಿರುವಾಗ ವೈದ್ಯರು ತೆರೆದ ಶಸ್ತ್ರಚಿಕಿತ್ಸೆ ಬೇಕೆಂದರೆ ಕೀಹೋಲ್‌ಗಾಗಿ ಹಟ ಹಿಡಿಯಬಾರದು. ಗಾಯದ ಕಲೆ ಮಾಸುತ್ತದೆ.

ನಡುವಿನ ದಾರಿಯನ್ನು ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ಹೊಟ್ಟೆ ತುಂಬುವಷ್ಟು ದೊಡ್ಡದಾದ, ಆದರೆ ಅನುಮಾನವಿಲ್ಲದ ನೀರಿನ ಗಡ್ಡೆಯಿದ್ದರೆ, ಕೆಳಹೊಟ್ಟೆಯಲ್ಲಿ ಒಂದು ಚಿಕ್ಕ ಗಾಯ ಮಾಡಿ, ಗಡ್ಡೆಯ ಮೇಲ್ಮೈಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಸೋರದಂತೆ ನೀರನ್ನು ಹೊರಗೆಳೆದು, ಕುಗ್ಗಿದ ಗಡ್ಡೆಯನ್ನು ಅಂಡಾಶಯದ ಸಮೇತ ಗಾಯದ ಹೊರಗೆ ತಂದು, ಕಣ್ಣೆದುರೇ ಗಡ್ಡೆಯನ್ನು ಬಿಡಿಸಿ ಅಂಡಾಶಯವನ್ನು ಒಳಗೆ ಹಿಂದಿರುಗಿಸುತ್ತಾರೆ. ನಮ್ಮ ಹುಡುಗಿಗೆ ಮಾಡಿದ್ದೂ ಲ್ಯಾಪರೋಸ್ಕೋಪಿಯ ಜೊತೆಗೆ ಇಂಥದೇ ಚಿಕ್ಕ ಗಾಯ ಸೇರಿಸಿದ ವಿಧಾನ.

ಇಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಗಡ್ಡೆ ಬಿಡಿಸಿದ ಮೇಲೆ ರಕ್ತ ನಿಲ್ಲಿಸಲು ಅಂಡಾಶಯವನ್ನು ಕರೆಂಟಿನಿಂದ ಸುಡುವುದುಂಟು. ಸುಟ್ಟಷ್ಟೂ ಅಲ್ಲಿನ ಮೊಟ್ಟೆಗಳು ನಾಶವಾಗುತ್ತವೆ. ಒತ್ತಿ ಹಿಡಿಯುವುದು, ಸಣ್ಣ ಹೊಲಿಗೆ ಹಾಕುವುದು ಆದಷ್ಟು ಮೇಲು. "ಕಾಟರಿ ಎಷ್ಟು ಬಳಸುತ್ತೀರಿ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮಧ್ಯಾಹ್ನ ಶಸ್ತ್ರಚಿಕಿತ್ಸೆ ಮುಗಿಸಿ ವೈದ್ಯರು ಓಟಿಯ ಬಾಗಿಲಿಗೆ ಬಂದು, ಕೈಯಲ್ಲಿದ್ದ ಸ್ಟೀಲ್ ಟ್ರೇಯನ್ನು ನಮ್ಮ ಮುಂದೆ ಹಿಡಿದರು. ಕುಗ್ಗಿದ ಬಿಳಿಯ ಚೀಲ, ಪಕ್ಕದಲ್ಲಿ ಮಳೆಗಾಲದ ಬೆಣ್ಣೆಯಂಥ ಹಳದಿ ಜಿಡ್ಡು, ಅದರೊಳಗೆ ಸುತ್ತಿಕೊಂಡ ಕಪ್ಪು ಕೂದಲಿನ ಉಂಡೆ. ಅಮ್ಮ ಒಮ್ಮೆ ನೋಡಿ ಮುಖ ತಿರುಗಿಸಿದರು. ಯಾರ ದೃಷ್ಟಿ ತಾಕಿತೋ ಎಂದರು. ಇದು ಯಾರ ದೃಷ್ಟಿಯೂ ಅಲ್ಲ, ಹುಡುಗಿ ಮಾಡಿದ ತಪ್ಪೂ ಅಲ್ಲ, ಅಂಡಾಶಯದ ಮೂಲಕೋಶಗಳು ತಾವಾಗಿ ಚರ್ಮವಾಗಿ ಕೂದಲಾಗಿ ಬೆಳೆದದ್ದು ಎಂದು ವೈದ್ಯರು ಅಲ್ಲೇ ನಿಂತು ವಿವರಿಸಿದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಓವರಿ ಒಳಗೇ ಇದೆ" ಎಂದರು.

ಅಂಡಾಶಯ ತಿರುಚಿಕೊಂಡಾಗ

ಗಡ್ಡೆಯ ಭಾರಕ್ಕೆ ಅಂಡಾಶಯ ತನ್ನ ರಕ್ತನಾಳಗಳ ಸಮೇತ ತಿರುಚಿಕೊಂಡರೆ ಮಾತ್ರ ಹೋಲಿಸಿ ನೋಡುತ್ತಾ ಕೂರಲು ಸಮಯವಿರುವುದಿಲ್ಲ. ಇದ್ದಕ್ಕಿದ್ದಂತೆ ಒಂದು ಕಡೆ ಕೆಳಹೊಟ್ಟೆಯಲ್ಲಿ ತಡೆಯಲಾರದ ನೋವು, ಅದರ ಜೊತೆಗೆ ವಾಂತಿ, ನೋವು ಬಂದು ಹೋಗಿ ಮಾಡುವುದು ಇದರ ಲಕ್ಷಣಗಳು. ಬಲಗಡೆ ಹೆಚ್ಚಾಗಿ ಆಗುವುದರಿಂದ ಅಪೆಂಡಿಸೈಟಿಸ್ ಎಂದು ತಪ್ಪು ತಿಳಿಯುವುದು ಸಾಮಾನ್ಯ. ಕಾಯುವ ಆಯ್ಕೆ ಮಾಡಿಕೊಂಡವರು ಈ ಲಕ್ಷಣಗಳನ್ನು ಮನೆಯವರಿಗೂ, ಸಾಧ್ಯವಾದರೆ ಶಾಲೆಯ ಶಿಕ್ಷಕರಿಗೂ ತಿಳಿಸಿರಬೇಕು; ಕಂಡ ಕೂಡಲೇ, ರಾತ್ರಿ ಎಷ್ಟು ಹೊತ್ತೇ ಆಗಿರಲಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಡಾಪ್ಲರ್ ಸ್ಕ್ಯಾನ್‌ನಲ್ಲಿ ರಕ್ತ ಹರಿಯುತ್ತಿರುವುದು ಕಂಡರೂ ತಿರುಚಿಕೊಂಡಿಲ್ಲ ಎಂದು ಹೇಳಲಾಗುವುದಿಲ್ಲ.

ಇಲ್ಲಿಯೂ ಎರಡು ಆಯ್ಕೆಗಳಿವೆ: ತಿರುಚನ್ನು ಬಿಡಿಸಿ ಅಂಡಾಶಯವನ್ನು ಉಳಿಸುವುದು, ಅಥವಾ ಕಪ್ಪಾಗಿದೆಯೆಂದು ತೆಗೆದುಹಾಕುವುದು. ತಿರುಚು ಬಿಡಿಸಿದರೆ ಹೆಪ್ಪುಗಟ್ಟಿದ ರಕ್ತ ದೇಹದ ಬೇರೆಡೆಗೆ ಹೋಗಿ ಅಪಾಯವಾಗುತ್ತದೆ ಎಂಬ ಹಳೆಯ ಭಯ ಅನುಭವದಲ್ಲಿ ನಿಜವಾಗಲಿಲ್ಲ. ನೋಡಲು ನೇರಳೆಯಾಗಿ, ಕಪ್ಪಾಗಿ ಸತ್ತಂತೆ ಕಾಣುವ ಅಂಡಾಶಯಗಳಲ್ಲಿ ಸಹ ಬಹುಪಾಲು ಚೇತರಿಸಿಕೊಳ್ಳುತ್ತವೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಘವಾದ ಎಸಿಒಜಿ 2019ರಲ್ಲಿ ಹದಿಹರೆಯದವರಿಗಾಗಿ ಕೊಟ್ಟ ಸಲಹೆಯೂ ಇದೇ: ಕಣ್ಣಿಗೆ ಹೇಗೆ ಕಂಡರೂ ತಿರುಚು ಬಿಡಿಸಿ, ಅಂಡಾಶಯವನ್ನು ಉಳಿಸಬೇಕು. ಊದಿಕೊಂಡ ಅಂಡಾಶಯದಲ್ಲಿ ಅದೇ ಹೊತ್ತಿಗೆ ಗಡ್ಡೆಯನ್ನೂ ಬಿಡಿಸಲು ಹೋದರೆ ಒಳ್ಳೆಯ ಅಂಗಾಂಶ ಹಾಳಾಗಬಹುದು ಎಂದು ವೈದ್ಯರಿಗೆ ಅನ್ನಿಸಿದರೆ, ಈಗ ತಿರುಚನ್ನಷ್ಟೇ ಬಿಡಿಸಿ ಆರರಿಂದ ಹನ್ನೆರಡು ವಾರಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಿ ಎರಡನೇ ಬಾರಿ ಗಡ್ಡೆ ತೆಗೆಯಬಹುದು. ಎರಡು ಸಲ ಅರಿವಳಿಕೆ ಎಂಬುದು ಕಷ್ಟವೇ. ಆದರೂ ಅಂಡಾಶಯ ಉಳಿಯುವುದಾದರೆ ನಾನು ಅದನ್ನೇ ಆರಿಸುತ್ತೇನೆ.

ಯಾರು ಮಾಡಬೇಕು, ಖರ್ಚು ಹೇಗೆ

ಮಕ್ಕಳ ಶಸ್ತ್ರಚಿಕಿತ್ಸಕರಿಗೆ ಮಕ್ಕಳ ದೇಹದ ಅನುಭವ ಹೆಚ್ಚು, ಸ್ತ್ರೀರೋಗ ತಜ್ಞರಿಗೆ ಅಂಡಾಶಯ ಉಳಿಸುವ ರೂಢಿ ಹೆಚ್ಚು. ಇಬ್ಬರೂ ಒಂದೇ ಕಡೆ ಸಿಗುವ ಆಸ್ಪತ್ರೆ ದೊರೆತರೆ ಅದೇ ಮೇಲು. ಸಿಗದಿದ್ದರೆ ಯಾರು ಮಾಡುತ್ತಾರೆ ಎಂಬುದಕ್ಕಿಂತ, ಮಕ್ಕಳಲ್ಲಿ ಅಂಡಾಶಯ ಉಳಿಸಿ ಗಡ್ಡೆ ತೆಗೆದ ಅನುಭವ ಅವರಿಗಿದೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ. ಹತ್ತು ವರ್ಷದೊಳಗಿನ ಮಗುವಾದರೆ ಮಕ್ಕಳ ಅರಿವಳಿಕೆ ತಜ್ಞರಿರುವ ಜಾಗವನ್ನೇ ನೋಡಬೇಕು. ರಕ್ತದ ಗುರುತುಗಳು ಏರಿದ್ದರೆ ಮಕ್ಕಳ ಕ್ಯಾನ್ಸರ್ ವಿಭಾಗವಿರುವ ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಹೋಗಬೇಕು, ನಂತರವಲ್ಲ. ಅಂಡಾಶಯದ ಈ ಬಗೆಯ ಕ್ಯಾನ್ಸರ್‌ಗಳು ಮಕ್ಕಳಲ್ಲಿ ಸರಿಯಾದ ಚಿಕಿತ್ಸೆಯಿಂದ ಹೆಚ್ಚಿನ ಮಟ್ಟಿಗೆ ವಾಸಿಯಾಗುತ್ತವೆ ಎಂಬುದನ್ನೂ ಅಂಥ ತಂದೆತಾಯಿಗಳು ತಿಳಿದಿರಲಿ.

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟನ್ನು ಸರ್ಕಾರ ಕೊಡುತ್ತದೆ. ತುರ್ತಲ್ಲದ ಸಂದರ್ಭದಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಬೇಕಾಗುತ್ತದೆ. ಅಂಡಾಶಯ ತೆಗೆಯುವುದು ಅಗ್ಗ, ಉಳಿಸುವುದು ದುಬಾರಿ ಎಂಬ ಕಾರಣಕ್ಕೆ ಯಾರೂ ಮೊದಲನೆಯದನ್ನು ಒಪ್ಪಬಾರದು.

ಮನೆಗೆ ಬಂದ ನಂತರ

ಬಯಾಪ್ಸಿ ವರದಿಯನ್ನು ತಪ್ಪದೆ ಕೇಳಿ ಪಡೆಯಬೇಕು. ಗಡ್ಡೆ ನೋಡಲು ಎಷ್ಟೇ ಸಾಧುವಾಗಿ ಕಂಡಿದ್ದರೂ ಅದು ಪ್ರಯೋಗಾಲಯಕ್ಕೆ ಹೋಗಲೇಬೇಕು. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಎರಡೂ ಕಡೆ ನೋಡಿಸಬೇಕು. ಟೆರಟೋಮಾ ಇದ್ದ ಮಗುವಿನಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಅಥವಾ ನಂತರ ವರ್ತನೆ ಇದ್ದಕ್ಕಿದ್ದಂತೆ ಬದಲಾಗುವುದು, ನಿದ್ದೆಗೆಡುವುದು, ಗೊಂದಲ, ಫಿಟ್ಸ್ ಕಾಣಿಸಿಕೊಂಡರೆ ಅದನ್ನು ಮಾನಸಿಕ ತೊಂದರೆಯೆಂದು ಬಿಡದೆ ನರರೋಗ ತಜ್ಞರಿಗೆ ತೋರಿಸಬೇಕು. 2007ರಲ್ಲಿ ಗುರುತಿಸಲಾದ ಎನ್‌ಎಂಡಿಎ ರಿಸೆಪ್ಟರ್ (ಮೆದುಳಿನ ಕೋಶಗಳ ಮೇಲಿನ ಒಂದು ಪ್ರೋಟೀನ್) ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ದಾಳಿ ಮಾಡಿ ಬರುವ ಮೆದುಳಿನ ಉರಿಯೂತ ಈ ಗಡ್ಡೆಯೊಂದಿಗೆ ಬರುವುದುಂಟು, ಗಡ್ಡೆಯನ್ನು ತೆಗೆಯುವುದು ಅದರ ಚಿಕಿತ್ಸೆಯ ಒಂದು ಭಾಗ. ಇದು ಅಪರೂಪ, ಆದರೆ ಗೊತ್ತಿದ್ದವರಿಗೆ ಮಾತ್ರ ನೆನಪಾಗುತ್ತದೆ.

ಮಗುವಿಗೆ ವಯಸ್ಸಿಗೆ ತಕ್ಕಂತೆ ವಿಷಯವನ್ನು ಹೇಳಬೇಕು. ನೆಂಟರಿಷ್ಟರಿಗೆ ಗೊತ್ತಾದರೆ ಮುಂದೆ ಮದುವೆಗೆ ತೊಂದರೆಯಾದೀತೆಂದು ಮನೆಗಳಲ್ಲಿ ಇದನ್ನು ಮುಚ್ಚಿಡುತ್ತಾರೆ. ನೆಂಟರಿಗೆ ಹೇಳದಿದ್ದರೆ ನಷ್ಟವಿಲ್ಲ, ಆದರೆ ಹುಡುಗಿಗೇ ಹೇಳದೆ ಉಳಿದರೆ ಇಪ್ಪತ್ತೈದನೇ ವಯಸ್ಸಿನಲ್ಲಿ ಮತ್ತೆ ಹೊಟ್ಟೆನೋವು ಬಂದಾಗ ವೈದ್ಯರಿಗೆ ಏನು ಹೇಳಬೇಕೆಂಬುದು ಅವಳಿಗೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಹಾಳೆ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಬಯಾಪ್ಸಿ ವರದಿ ಈ ಮೂರನ್ನು ಒಂದು ಫೈಲಿನಲ್ಲಿ ಇಟ್ಟು ಅದನ್ನು ಅವಳ ಹೆಸರಿನಲ್ಲೇ ಉಳಿಸಬೇಕು. ನಮ್ಮ ಹುಡುಗಿಯ ನೀಲಿ ಫೈಲಿನಲ್ಲಿ ಈಗ ವರ್ಷದ ನಂತರದ ಸ್ಕ್ಯಾನ್ ಕೂಡ ಸೇರಿದೆ. ಅದರಲ್ಲಿ ಬಲಗಡೆಯ ಅಂಡಾಶಯದ ಅಳತೆ ಬರೆದು, ಅದರ ಮುಂದೆ 'ಫಾಲಿಕಲ್‌ಗಳು ಕಾಣುತ್ತಿವೆ' ಎಂದು ಇದೆ. ಆ ಸಾಲಿನ ಅರ್ಥವೇನೆಂದು ಅವಳೇ ಕೇಳಿದಳು, ನಾನು ಹೇಳಿದೆ.